ಹಬ್ಬದ ಬೆಳಗ್ಗೆ ಫ್ಲಾಸ್ಕ್ ಹಿಡಿದು ಬಂದವಳು

ನೈಲ್ ಬಯಲಿನ ಕಫ್ರ್ ನವ್ವಾರ್ ಊರಿನಲ್ಲಿ ನಬವಿಯಾಳ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಫ್ಲಾಸ್ಕಿನಮ್ಮನ ಮನೆ ಎಂದರೆ ಸಾಕು, ಕಾಲುವೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿರುವವರೂ ಒದ್ದೆ ಕೈ ಎತ್ತಿ ತೋರಿಸುತ್ತಾರೆ. ಆ ಫ್ಲಾಸ್ಕ್ ಕೆಂಪು ಬಣ್ಣದ್ದು, ಮೈಮೇಲೆ ಎರಡು ದೊಡ್ಡ ಹೂವಿನ ಚಿತ್ರ. ಗಂಡ ದಸೂಕಿ ಹೊಲಕ್ಕೆ ಚಹಾ ಒಯ್ಯಲೆಂದು ತಂತಾ ಪೇಟೆಯಿಂದ ತಂದದ್ದು. ಅದರಲ್ಲಿ ಚಹಾ ಇದ್ದದ್ದು ಒಂದೇ ಒಂದು ಚಳಿಗಾಲ. ಆಮೇಲೆ ಅದರಲ್ಲಿ ಏನಿತ್ತು ಎಂಬುದು ಊರಿಗೆಲ್ಲ ಗೊತ್ತು. ಅದಕ್ಕೇ ಆ ಮನೆಗೆ ಹೋದವರು ಚಹಾ ಕೊಟ್ಟರೆ ಮೊದಲು ಒಲೆಯ ಮೇಲಿನ ಪಾತ್ರೆಯ ಕಡೆ ಒಮ್ಮೆ ನೋಡುತ್ತಾರೆ.

ನಬವಿಯಾ ಹತ್ತೊಂಬತ್ತನೆಯ ವಯಸ್ಸಿಗೆ ಪಕ್ಕದೂರಿನಿಂದ ಸೊಸೆಯಾಗಿ ಬಂದಳು. ಶಾಲೆಗೆ ಹೋದದ್ದು ಮೂರು ವರ್ಷ. ಮಾತು ಕಡಿಮೆ. ಅತ್ತೆ ಬಹಾನಾ ಅವಳನ್ನು ಮದುವೆಯಾದ ನಾಲ್ಕನೆಯ ದಿನ ಬೆಳಗ್ಗೆ ಕೊಟ್ಟಿಗೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ಕಣ್ಣು ಮುಚ್ಚು. ಈಗ ಹೇಳು, ಕೊಟ್ಟಿಗೆ ಏನ್ ಹೇಳ್ತಿದೆ?"

"ಸಗಣಿ ವಾಸನೆ ಬರ್ತಿದೆ ಅತ್ತೆ."

"ಸಗಣಿ ವಾಸನೆ ಊರಿನ ದಾರೋಗನಿಗೂ ಗೊತ್ತಾಗುತ್ತೆ. ಅದರ ಹಿಂದೆ ಏನಿದೆ ನೋಡು."

ಅದರ ಹಿಂದೆ ಏನಿದೆ ಎಂದು ತಿಳಿಯಲು ನಬವಿಯಾಳಿಗೆ ಒಂದು ವರ್ಷ ಹಿಡಿಯಿತು. ಚಳಿಗಾಲದಲ್ಲಿ ಎಮ್ಮೆಗೆ ಎಳೆಯ ಬರ್ಸೀಮ್ ಸೊಪ್ಪನ್ನೇ ಹೊಟ್ಟೆತುಂಬ ಹಾಕಿದರೆ ಬೆಳಗ್ಗೆ ಕೊಟ್ಟಿಗೆಯಿಂದ ಕಣ್ಣಿಗೆ ಚುರ್ ಎನ್ನುವ ಘಾಟು ಏಳುತ್ತಿತ್ತು. ಅದೇ ಸೊಪ್ಪಿನ ಜೊತೆ ಒಂದಿಷ್ಟು ಗೋಧಿ ಹೊಟ್ಟು, ಒಂದು ಬೊಗಸೆ ಜೋಳದ ನುಚ್ಚು ಬೆರೆಸಿದರೆ ಘಾಟು ಇಳಿದು ಹಾಲು ಏರುತ್ತಿತ್ತು. ಹಾಗೇಕೆ ಎಂದು ಬಹಾನಾಳಿಗೂ ಗೊತ್ತಿರಲಿಲ್ಲ. ಅವಳ ಅತ್ತೆ ಅವಳಿಗೆ ಹೇಳಿಕೊಟ್ಟದ್ದು ಅಷ್ಟೇ.

ಎಮ್ಮೆಯ ಹೆಸರು ಫುಲ್ಲಾ, ಅಂದರೆ ಮಲ್ಲಿಗೆ. ಬಾಣಲೆಯ ತಳದಷ್ಟು ಕಪ್ಪಗಿದ್ದ ಅದಕ್ಕೆ ಆ ಹೆಸರಿಟ್ಟವಳು ಬಹಾನಾ. ಯಾರಾದರೂ ನಕ್ಕರೆ, "ಹಾಲು ಯಾವ ಬಣ್ಣ ನೋಡು," ಎನ್ನುತ್ತಿದ್ದಳು.

ಫುಲ್ಲಾಳ ವಿಷಯದಲ್ಲಿ ಊರು ನಕ್ಕದ್ದು ಇನ್ನೊಂದಿದೆ. ನೈಲ್ ಬಯಲಿನಲ್ಲಿ ಬೇಸಿಗೆ ಬಂದರೆ ಬರ್ಸೀಮ್ ಮುಗಿಯುತ್ತದೆ, ಉಳಿಯುವುದು ಬರೀ ಹೊಟ್ಟು. ಅದರಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಹಾಲು ಬರುವುದಿಲ್ಲ. ಪಶುವೈದ್ಯ ಮುಖ್ತಾರ್ ಒಂದು ವರ್ಷ ಊರಿನ ಮಸೀದಿಯ ಮುಂದೆ ಜನರನ್ನು ಸೇರಿಸಿ, ಹತ್ತಿ ಹೊಲಕ್ಕೆ ಹಾಕುವ ಯೂರಿಯಾವನ್ನು ಅಳತೆಯಂತೆ ನೀರಿಗೆ ಕದಡಿ ಹೊಟ್ಟಿಗೆ ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಣ್ಣಿನಿಂದ ಅಂಚು ಮುಚ್ಚಿ ಮೂರು ವಾರ ಬಿಡಿ ಎಂದರು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಬವಿಯಾ ಹಾಗೇ ಮಾಡಿದಳು. ಅಳತೆಗೆ ಒಂದು ಡಬ್ಬಿ, ಅದರ ಮೇಲೆ ಮೊಳೆಯಿಂದ ಗೀಚಿದ ಗೆರೆ. ಆ ಬೇಸಿಗೆ ಫುಲ್ಲಾ ಹಾಲು ನಿಲ್ಲಿಸಲಿಲ್ಲ. ಮರುವರ್ಷದಿಂದ ಪ್ರತಿ ಗೋಧಿ ಒಕ್ಕಣೆಯಾದ ಮೇಲೆ ಅವರ ಅಂಗಳದಲ್ಲಿ ಪ್ಲಾಸ್ಟಿಕ್ ಹೊದ್ದ ಒಂದು ಗುಡ್ಡ ಏಳುತ್ತಿತ್ತು. ಬೇಸಿಗೆ ಕಳೆಯಲು ಆ ಮನೆಗೆ ಬೇರೆ ದಾರಿಯೂ ಇರಲಿಲ್ಲ.

ಫ್ಲಾಸ್ಕಿನಮ್ಮ ಎಂಬ ಹೆಸರು ಬಂದ ವರ್ಷ ಗುಡ್ಡ ಎದ್ದ ವಾರವೇ ಫುಲ್ಲಾ ಈದಳು. ಎರಡು ಗಂಡುಕರುಗಳಾದ ಮೇಲೆ ಮೊದಲ ಹೆಣ್ಣುಕರು. ಬಹಾನಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಏಳನೆಯ ದಿನ ಮನುಷ್ಯರ ಮಗುವಿಗೆ ಮಾಡುವಂತೆ ಕರುವಿಗೂ ಸುಬೂ ಮಾಡಲೇಬೇಕೆಂದು ಕೂತಳು. ಅಂಗಳ ಗುಡಿಸಿ, ಮೇಣದಬತ್ತಿ ಹಚ್ಚಿ, ಏಳು ಬಗೆಯ ಕಾಳು ಎರಚಿದರು. ಕರುವಿನ ಬೆನ್ನ ಮೇಲೆ ಜರಡಿ ಹಿಡಿದು, ಬಹಾನಾ ಅದರ ಕಿವಿಯ ಹತ್ತಿರ ಹಿತ್ತಾಳೆ ಕುಟ್ಟಾಣಿ ಠಣ್ ಠಣ್ ಎಂದು ಕುಟ್ಟಿದಳು.

"ನಬವಿಯಾ ಮಾತು ಕೇಳಮ್ಮಾ! ದಸೂಕಿ ಮಾತು ಕೇಳ್ಬೇಡ! ಅಜ್ಜಿ ಮಾತು ಕೇಳು!"

"ಎಮ್ಮೆ ಕರು ಕೂಡ ನನ್ನ ಮಾತು ಕೇಳ್ಬಾರ್ದಾ?" ಎಂದು ದಸೂಕಿ ಕೇಳಿದ. ಹೆಂಗಸರು ಬಾಯಿಗೆ ಕೈಯಿಟ್ಟು ಉಲುಲು ಎಂದು ಸಂಭ್ರಮದ ಕೂಗುಲಿ ಹಾಕಿದರು.

ತಪ್ಪಾದದ್ದು ಆ ದಿನವೇ. ಬಾಣಂತಿಗೆ ಕೊಡುವುದನ್ನೆಲ್ಲ ಫುಲ್ಲಾಳಿಗೂ ಕೊಡಬೇಕೆಂದು ಬಹಾನಾ ಬೆಳಗ್ಗೆ ತುಪ್ಪ, ಬೆಲ್ಲದ ಪಾಕ, ಮೆಂತ್ಯ ಸೇರಿಸಿ ಒಂದು ಬೋಗುಣಿ ಹೊಸ ಗೋಧಿ ನುಚ್ಚು ತಿನ್ನಿಸಿದಳು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ನಬವಿಯಾ, ಪಾಪ ಹೆಣ್ಣುಕರು ಕೊಟ್ಟವಳು ಎಂದುಕೊಂಡು ಇನ್ನೊಂದು ಬೋಗುಣಿ ಇಟ್ಟಳು. ಅವಳೂ ಹೇಳಲಿಲ್ಲ. ಸಂಜೆ ದಸೂಕಿ ಅಂಗಿಯ ಮಡಿಲಲ್ಲಿ ಜೋಳ ತುಂಬಿಕೊಂಡು ಬಂದು, ಆಚೆ ಈಚೆ ನೋಡಿ, ಗೋದಲಿಗೆ ಸುರಿದ. ಮೂವರ ಪ್ರೀತಿಯನ್ನೂ ಫುಲ್ಲಾ ಒಂದು ಕಾಳು ಬಿಡದೆ ತಿಂದಳು.

ಮರುದಿನ ಬೆಳಗ್ಗೆ ಅವಳು ಏಳಲಿಲ್ಲ. ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಬಾಯಿಂದ ಹಳಸಿದ ಹಿಟ್ಟಿನ ವಾಸನೆ. ಡಾಕ್ಟರ್ ಮುಖ್ತಾರ್ ಮೋಟರ್ ಬೈಕಿನಲ್ಲಿ ಬಂದು, ಗಂಟಲಿಗೆ ಕೊಳವೆ ಇಳಿಸಿ, ಅಡುಗೆ ಸೋಡಾದ ನೀರು ಹೊಯ್ದು, ಸೂಜಿ ಕೊಟ್ಟು, ಮಧ್ಯಾಹ್ನದವರೆಗೂ ಅಲ್ಲೇ ಕೂತರು. ಜೀವ ಉಳಿಯಿತು.

ಆದರೆ ಉಳಿದದ್ದು ಜೀವ ಮಾತ್ರ. ಒಂದು ವಾರ, ಹತ್ತು ದಿನ ಕಳೆದರೂ ಫುಲ್ಲಾ ಮೆಲುಕು ಹಾಕಲಿಲ್ಲ. ಒಣ ಬರ್ಸೀಮ್, ಹತ್ತಿಕಾಳಿನ ಹಿಂಡಿ ಕೊಟ್ಟರೆ ಒಂದಿಷ್ಟು ತಿನ್ನುತ್ತಿದ್ದಳು. ಪಕ್ಕೆಲುಬು ಎಣಿಸುವಂತಾಯಿತು. ಹಾಲು ಕರುವಿಗೇ ಸಾಲದು. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆದರೆ ಮಾತ್ರ ಆ ಹಳೆಯ ಘಾಟು, ಹಿಂದೆಂದೂ ಇಲ್ಲದಷ್ಟು. ನಬವಿಯಾಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ತಿನ್ನುವುದೇ ಇಷ್ಟು, ಇಷ್ಟೊಂದು ಘಾಟು ಎಲ್ಲಿಂದ? ಮುಖ್ತಾರ್ ಮತ್ತೆ ಬಂದಾಗ ಅವಳು ಅದನ್ನೇ ಕೇಳಿದಳು.

ಡಾಕ್ಟರು ಅವಳನ್ನು ಹೊಸದಾಗಿ ನೋಡುವವರಂತೆ ನೋಡಿದರು. "ನಬವಿಯಾ, ಎಮ್ಮೆ ಹುಲ್ಲು ತಿನ್ನುತ್ತೆ ಅಂದ್ಕೊಂಡಿದ್ದೀಯಾ?"

"ಮತ್ತೆ ನಾನು ತಿಂತೀನಾ ಡಾಕ್ಟ್ರೇ?"

"ಅದರ ಹೊಟ್ಟೇಲಿ ಒಂದು ಊರೇ ಇದೆ. ಕಣ್ಣಿಗೆ ಕಾಣದ ಜೀವಿಗಳು, ಲೆಕ್ಕಕ್ಕೆ ಸಿಗದಷ್ಟು. ಹುಲ್ಲು ತಿನ್ನೋರು ಅವ್ರು. ತಿಂದು ಬೆಳೆದು ಮುಂದಿನ ಹೊಟ್ಟೆಗೆ ಜಾರ್ತಾರೆ. ಅವ್ರನ್ನ ಎಮ್ಮೆ ಅರಗಿಸ್ಕೊಂಡು ಹಾಲು ಮಾಡುತ್ತೆ. ನಿನ್ನ ಯೂರಿಯಾದಲ್ಲಿ, ಹಿಂಡೀಲಿ ಸಾರಜನಕ ಅಂತ ಒಂದಿರುತ್ತೆ. ಅದನ್ನ ಅವ್ರು ಹಿಡಿದು ತಮ್ಮ ಮೈ ಮಾಡ್ಕೊಂಡ್ರೆ ಎಮ್ಮೆಗೆ ದಕ್ಕಿತು. ಹಿಡಿಯೋರಿಲ್ಲ ಅಂದ್ರೆ ರಕ್ತಕ್ಕೆ ಹೋಗಿ ಗಂಜಲದಲ್ಲಿ ಬಿದ್ದು ಹೋಗುತ್ತೆ. ಅದೇ ನಿನ್ನ ಕಣ್ಣು ಉರಿಸ್ತಿರೋದು."

"ಹಾಲಾಗಬೇಕಾದ್ದು."

"ಹೌದು. ಅಷ್ಟೂ ಕಾಳು ಹೊಟ್ಟೇಲಿ ಹುಳಿಯಾಗಿ ಆ ಊರಿನೋರನ್ನ ಸಾಯಿಸಿಬಿಡ್ತು. ಚೂರುಪಾರು ಉಳಿದಿರಬಹುದು ಅಷ್ಟೇ. ಇನ್ನೊಂದು ಮಾತು, ಅಂಗಳದಲ್ಲಿರೋ ಆ ಗುಡ್ಡದ ಹೊಟ್ಟು ಈಗ ಅವಳಿಗೆ ಹಾಕೀಯ, ಜೋಕೆ. ಹಿಡಿಯೋ ಕೈ ಇಲ್ದೆ ಯೂರಿಯಾ ಒಳಗೆ ಹೋದ್ರೆ ವಿಷ."

ನಬವಿಯಾ ತಲೆವಸ್ತ್ರದ ತುದಿ ಸುತ್ತುತ್ತ ನಿಂತಳು. ಅವಳಿಗೆ ಅರ್ಥವಾದದ್ದು ತನ್ನದೇ ದಾರಿಯಲ್ಲಿ. ರೊಟ್ಟಿಗೆ ಹಿಟ್ಟು ಕಲಸುವಾಗ ಹಿಂದಿನ ವಾರದ ಹುಳಿಹಿಟ್ಟಿನ ಒಂದು ಮುದ್ದೆ ಸೇರಿಸುತ್ತಾರೆ. ಅದು ಸತ್ತರೆ ಎಷ್ಟು ಒಳ್ಳೆಯ ಹಿಟ್ಟಾದರೂ ಉಬ್ಬುವುದಿಲ್ಲ. ಆಗ ಏನು ಮಾಡುತ್ತಾರೆ?

"ಪಕ್ಕದ ಮನೆಯಿಂದ ಇಸ್ಕೊಂಡು ಬರ್ಬಹುದಾ?" ಎಂದಳು.

ಮುಖ್ತಾರ್ ಜೋರಾಗಿ ನಕ್ಕುಬಿಟ್ಟರು. "ನಾನು ಐದು ವರ್ಷ ಓದಿ ಕಲಿತದ್ದನ್ನ ನೀನು ನಿಂತ ನಿಲುವಲ್ಲೇ ಹೇಳ್ದೆ. ಬರ್ಬಹುದು. ಚೆನ್ನಾಗಿರೋ ದನದ ಹೊಟ್ಟೆಯ ನೀರು ಬೇಕು, ಕಡಿದಾಗ ಸಿಗುತ್ತೆ. ಇಲ್ಲಾಂದ್ರೆ ಮೆಲುಕು ಹಾಕೋ ದನದ ಬಾಯಿಂದ ಒಂದು ಹಿಡಿ. ಬಿಸಿ ಆರಬಾರ್ದು, ಗಾಳಿ ಆಡಬಾರ್ದು. ಎಷ್ಟು ಸಿಕ್ಕಿದ್ರೂ ಬೇಕು."

ದಸೂಕಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನು ಕೆಟ್ಟವನಲ್ಲ. "ನೋಡು," ಎಂದ, "ಗುಡ್ಡದ ಹೊಟ್ಟು ಬಿಟ್ರೆ ಬೇಸಿಗೆಗೆ ಹಾಕೋಕೆ ನಮ್ಮ ಹತ್ರ ಏನಿದೆ? ದಲ್ಲಾಳಿಗೆ ಹೇಳಿದ್ದೀನಿ. ಹಬ್ಬದ ನಾಲ್ಕನೇ ದಿನ ಬರ್ತಾನೆ. ಅಷ್ಟರಲ್ಲಿ ಮೆಲುಕು ಹಾಕಿದ್ರೆ ಅವಳು ಇಲ್ಲಿ. ಇಲ್ಲಾಂದ್ರೆ ಹೊಡ್ಕೊಂಡು ಹೋಗ್ಲಿ."

ಕುರ್ಬಾನಿ ಹಬ್ಬಕ್ಕೆ ಆಗ ಐದು ದಿನ ಉಳಿದಿತ್ತು. ಎಲ್ಲರೂ ಹಬ್ಬದ ಮಾಂಸಕ್ಕೆ ಕಾಯುವ ಆ ವಾರದಲ್ಲಿ ಕಟುಕ ಶಹಾತಾ ಅಂಗಡಿ ಮುಚ್ಚಿ ಚೂರಿ ಮಸೆಯುತ್ತ ಕೂತಿರುತ್ತಾನೆ. ಹಾಗಾಗಿ ನಬವಿಯಾ ಮೊದಲು ಪಕ್ಕದ ಮನೆಯ ಇತಿದಾಲಳ ಹತ್ತಿರ ಹೋದಳು. ಇತಿದಾಲ್ ವಿಧವೆ, ಬಾಯಿ ಜೋರು, ಕೈ ಉದಾರ. ಅವಳ ಎಮ್ಮೆ ಬೀದಿಗೇ ದೊಡ್ಡದು.

"ಅಕ್ಕಾ, ನಿಮ್ಮ ಎಮ್ಮೆ ಮೆಲುಕು ಹಾಕ್ತಿರುವಾಗ ಬಾಯಿಂದ ಒಂದು ಹಿಡಿ ತಗೋಬೇಕಿತ್ತು."

ಇತಿದಾಲ್ ಎದೆಗೆ ಕೈ ಒತ್ತಿಕೊಂಡಳು. "ಬಾಯಿಂದ? ನನ್ನ ಎಮ್ಮೆ ಬಾಯಿಂದ? ಅಯ್ಯೋ ದೇವರೇ, ನಾನು ಅದರ ಹಾಲು ಎಷ್ಟು ಅಂತ ನನ್ನ ತಂಗಿಗೂ ಹೇಳಿಲ್ಲ, ನೀನು ಬಾಯಿಗೇ ಕೈ ಹಾಕ್ತೀಯಾ? ಮನೆಯ ಏಳಿಗೆ, ಬರ್ಕತ್ತೆಲ್ಲ ಹಿಡಿಯಲ್ಲಿ ಹಿಡ್ಕೊಂಡು ಹೋಗ್ತೀಯಾ? ಸಕ್ಕರೆ ಕೇಳು, ಎಣ್ಣೆ ಕೇಳು, ನನ್ನ ಬಳೆ ಕೇಳು. ಇದು ಕೇಳ್ಬೇಡ."

ಮಾತು ಮುಗಿಸುವ ಮೊದಲೇ ಅವಳು ಹಾಸಿಗೆಯ ಮೇಲಿನ ಹೊದಿಕೆ ಎಳೆದು ತಂದು ಎಮ್ಮೆಯ ಮೇಲೆ ಹೊದಿಸಿಯಾಗಿತ್ತು. ಎಮ್ಮೆ ಹೊದಿಕೆಯ ಅಂಚನ್ನು ಬಾಯಿಗೆ ಎಳೆದುಕೊಂಡು ನಿಧಾನವಾಗಿ ಮೆಲುಕು ಹಾಕುತ್ತಲೇ ಇತ್ತು. ನಬವಿಯಾಳಿಗೆ ಅಷ್ಟು ಸಂಕಟದಲ್ಲೂ ನಗು ಬಂತು.

ಉಳಿದ ದಾರಿ ಹಬ್ಬದ ಬೆಳಗಿನ ಕುರ್ಬಾನಿ ಒಂದೇ. ಮುಖ್ತಾರ್ ಹಬ್ಬಕ್ಕೆ ತಮ್ಮೂರಿಗೆ ಹೋಗುವ ಮುಂಚೆ ಕೊಳವೆಯನ್ನು ಅವಳ ಕೈಗೆ ಕೊಟ್ಟು, ಎರಡು ಸಲ ಅವಳ ಕೈಯಿಂದಲೇ ಎಮ್ಮೆಯ ಗಂಟಲಿಗೆ ಇಳಿಸಿ ಕಲಿಸಿದರು. ಕೊಳವೆಯ ತುದಿಗೆ ಮೂಗು ಹಿಡಿ. ಹೊಟ್ಟೆಯ ಹುಳಿ ವಾಸನೆ ಬಂದರೆ ಸರಿಯಾದ ದಾರಿ. ಕೆಮ್ಮಿದರೆ, ಉಸಿರು ಬಂದು ಹೋಗುತ್ತಿದ್ದರೆ ತಕ್ಷಣ ತೆಗೆ. "ಮೂಗಿನ ಕೆಲಸ ತಾನೇ," ಎಂದರು ಮುಖ್ತಾರ್, "ನಿನಗೆ ಹೇಳಿಕೊಡೋದೇನಿದೆ."

ಹಬ್ಬದ ನಮಾಜು ಮುಗಿಯುತ್ತಲೇ ಊರು ಹೊಸ ಬಟ್ಟೆಯಲ್ಲಿ ಬೀದಿಗೆ ಬಂತು. ಶಹಾತಾ ಬಾವಿಯ ಹತ್ತಿರದ ಬಯಲಿನಲ್ಲಿ ತೋಳು ಮಡಚಿ ನಿಂತಿದ್ದ. ಏಳು ಮನೆಯವರು ಪಾಲು ಹಾಕಿ ತಂದ ದೊಡ್ಡ ಹಸುವಿನ ಕುರ್ಬಾನಿ ಅದೇ ತಾನೇ ಆಗಿತ್ತು. ಹೆಂಗಸರು ಬೋಗುಣಿ ಹಿಡಿದು ಸಾಲಾಗಿ ನಿಂತಿದ್ದರು. ನಬವಿಯಾ ಫ್ಲಾಸ್ಕನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಕೈಯಲ್ಲಿ ಒಂದು ತೆಳು ಬಟ್ಟೆ ಹಿಡಿದು ಆ ಸಾಲಿನ ಕೊನೆಗೆ ಹೋಗಿ ನಿಂತಳು.

"ಹಬ್ಬದ ಶುಭಾಶಯ ತಂಗೀ, ಚಹಾ ತಂದ್ಯಾ?" ಎಂದು ಶಹಾತಾ ಕೈ ಚಾಚಿದ. "ದೇವರು ನಿನ್ನ ಚೆನ್ನಾಗಿಡ್ಲಿ."

"ಇಲ್ಲ ಮೇಸ್ತ್ರಿ, ಖಾಲಿ ಇದೆ. ತುಂಬಿಸ್ಕೊಂಡು ಹೋಗೋಕೆ ಬಂದೆ."

"ಏನ್ ತುಂಬಿಸ್ಲಿ?"

ಅವಳು ಹೇಳಿದಳು. ಬಯಲಿನಲ್ಲೆಲ್ಲ ಎದ್ದ ನಗುವಿಗೆ ಮಸೀದಿಯ ಮೇಲಿನ ಪಾರಿವಾಳ ಹಾರಿದವು.

"ಹಬ್ಬದ ದಿನ ಜನ ಲಿವರ್ ಕೇಳ್ತಾರೆ, ಕಾಲು ಕೇಳ್ತಾರೆ, ತಲೆಗೆ ಜಗಳ ಆಡ್ತಾರೆ. ಮೂವತ್ತು ವರ್ಷದಲ್ಲಿ ಸಗಣಿ ನೀರು ಕೇಳಿದೋಳು ನೀನೊಬ್ಳೇ!" ಎಂದ ಶಹಾತಾ. "ತಗೋ ತಾಯಿ, ಕಾಲುವೆಗೆ ಎಸೆಯೋದು ಹೇಗೂ..."

"ನಿಲ್ಲು!" ಎಂದ ಪಾಲುದಾರರಲ್ಲಿ ಒಬ್ಬ. ಅವನು ಎಲ್ಲದರಲ್ಲೂ ನಿಯಮ ಹುಡುಕುವವನು. "ಕುರ್ಬಾನಿಯ ಯಾವ ಭಾಗವನ್ನೂ ಒಬ್ಬನೇ ಕೊಡೋ ಹಾಗಿಲ್ಲ. ಏಳು ಜನರ ಪಾಲು. ಏಳು ಜನರೂ ಒಪ್ಪಬೇಕು."

"ಹೊಟ್ಟೆ ನೀರಿಗೂ?"

"ಹೊಟ್ಟೆ ಹಸುವಿನದ್ದಲ್ವಾ?"

ಆರು ಜನ ಅಲ್ಲೇ ಇದ್ದರು, ನಗುತ್ತ ಒಪ್ಪಿದರು. ಏಳನೆಯ ಪಾಲು ಇತಿದಾಲಳದ್ದು. ಅವಳು ಮನೆಯಲ್ಲಿ ಹುರಿದ ರೊಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದಳು.

ಶಹಾತಾ ಹೊಟ್ಟೆಯ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ. "ಓಡು ತಂಗೀ. ಗಾಳಿ ಹೋಗದ ಹಾಗೆ ನಾನು ಹಿಡ್ಕೊಂಡಿರ್ತೀನಿ. ಬಿಸಿ ಮಾತ್ರ ನನ್ನ ಕೈಲಿಲ್ಲ."

ನಬವಿಯಾ ಓಡಿದಳು. ಮದುವೆಯಾದ ಮೇಲೆ ಅವಳು ಬೀದಿಯಲ್ಲಿ ಓಡಿದ್ದು ಅದೇ ಮೊದಲು. ಇತಿದಾಲಳ ಅಡುಗೆಮನೆಯ ಹೊಸ್ತಿಲಲ್ಲಿ ಏದುಸಿರು ಬಿಡುತ್ತ ವಿಷಯ ಹೇಳಿದಳು.

ಇತಿದಾಲ್ ಸೌಟು ಕೆಳಗಿಡಲಿಲ್ಲ. "ಬದುಕಿರೋ ಎಮ್ಮೆದು ಕೊಡಲ್ಲ ಅಂದ್ರೆ ಕುರ್ಬಾನಿ ಹಸೂದು ಕೇಳೋಕೆ ಬಂದ್ಯಾ? ಅದರಲ್ಲೂ ನನ್ನ ಪಾಲಿದೆ. ಪಾಲಿನ ಜೊತೆ ಬರ್ಕತ್ತೂ ಹೋಗಲ್ವಾ?"

ನಬವಿಯಾಳಿಗೆ ವಾದ ಮಾಡಿ ಅಭ್ಯಾಸವಿಲ್ಲ. ಅವಳ ಕಣ್ಣು ಮೂಲೆಯಲ್ಲಿ ಬಟ್ಟೆ ಮುಚ್ಚಿದ್ದ ಮಣ್ಣಿನ ಬೋಗುಣಿಯ ಮೇಲೆ ಬಿತ್ತು. ಅದರಲ್ಲಿ ಹಿಟ್ಟು ಉಬ್ಬಿ ಬಟ್ಟೆಯನ್ನೇ ಎತ್ತುತ್ತಿತ್ತು.

"ಅಕ್ಕಾ, ಆ ಹುಳಿಹಿಟ್ಟು ಯಾರ ಮನೇದು?"

"ಯಾಕೆ, ನಿಮ್ಮತ್ತೇದು. ನಂದು ಬೂಸಲು ಹಿಡಿದ ವರ್ಷ ಬಹಾನಾನೇ ಒಂದು ಮುದ್ದೆ ಕೊಟ್ಟಿದ್ಳು."

"ಅವತ್ತಿಂದ ನಮ್ಮನೆ ರೊಟ್ಟಿ ಉಬ್ಬೋದು ನಿಂತಿದ್ಯಾ?"

ಇತಿದಾಲ್ ಬೋಗುಣಿಯ ಕಡೆ ನೋಡಿದಳು. ಆ ಹಿಟ್ಟಿನಿಂದಲೇ ಅವಳು ಬೀದಿಯ ಮೂರು ಸೊಸೆಯರಿಗೆ ಮುದ್ದೆ ಹಂಚಿದ್ದಳು. ಬಹಾನಾಳ ರೊಟ್ಟಿ ನಿನ್ನೆ ತಾನೇ ತಿಂದಿದ್ದಳು, ಅದು ಹತ್ತಿಯಂತೆ ಉಬ್ಬಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ನಿನ್ನ! ಬಾಯಿ ಸತ್ತೋಳು ಅಂದ್ಕೊಂಡಿದ್ದೆ, ಒಳ್ಳೇ ಖಾಜಿ ಥರ ಮಾತಾಡ್ತೀಯಲ್ಲೇ. ನಡಿ, ಒಪ್ಪಿದೆ. ನಿಲ್ಲು, ನಿಲ್ಲು!" ಅವಳು ತನ್ನ ನೀಲಿ ತಲೆವಸ್ತ್ರ ಬಿಚ್ಚಿ ಫ್ಲಾಸ್ಕಿಗೆ ಸುತ್ತಿದಳು. "ದೃಷ್ಟಿ ತಾಗಬಾರ್ದು. ಇನ್ನು ಒಯ್ಯಿ."

ನೀರನ್ನು ಬಟ್ಟೆಯಲ್ಲಿ ಸೋಸಿ ಫ್ಲಾಸ್ಕಿನ ಕತ್ತಿನವರೆಗೆ ತುಂಬಿ ಅವಳು ಮನೆಗೆ ಓಡಿದಳು. ಕೊಳವೆ ಇಳಿಸಿದಳು, ಮೂಗು ಹಿಡಿದಳು, ಹುಳಿ ವಾಸನೆ ಬಂತು, ಹೊಯ್ದಳು. ಮತ್ತೆ ಓಡಿದಳು. ಮಧ್ಯಾಹ್ನದೊಳಗೆ ಎಂಟು ಸಲ. ಮೂರನೆಯ ಸಲದ ಹೊತ್ತಿಗೆ ಬೇರೆ ಬೀದಿಯವರು, "ನಮ್ಮ ಹಸೂನೂ ಆಯ್ತು, ಬಾ ಫ್ಲಾಸ್ಕಿನಮ್ಮಾ!" ಎಂದು ಕೂಗಲು ಶುರುಮಾಡಿದ್ದರು. ಹೆಸರು ಹುಟ್ಟಿದ್ದು ಹೀಗೆ.

ಆ ದಿನ ಫುಲ್ಲಾ ಸುಮ್ಮನೆ ನಿಂತಿದ್ದಳು. ಎರಡನೆಯ ದಿನವೂ ಅಷ್ಟೇ. ಆ ದಿನವೂ ಕುರ್ಬಾನಿಗಳಿದ್ದವು, ನಾಲ್ಕು ಫ್ಲಾಸ್ಕ್ ಸಿಕ್ಕಿತು. ಮೂರನೆಯ ದಿನ ಅವಳು ಒಣ ಹುಲ್ಲನ್ನು ಎಳೆದು ತಿಂದಳು. ಬಹಾನಾ ಗೋದಲಿಯ ಎದುರು ಚಾಪೆ ಹಾಸಿಕೊಂಡು, ಊಟವನ್ನೂ ಅಲ್ಲಿಗೇ ತರಿಸಿಕೊಂಡು, ಎಮ್ಮೆಯ ದವಡೆಯನ್ನೇ ನೋಡುತ್ತ ಕೂತಳು.

ನಾಲ್ಕನೆಯ ದಿನ ಬೆಳಗ್ಗೆ ದಲ್ಲಾಳಿ ಬಂದ. ದಸೂಕಿ ತಲೆ ತಗ್ಗಿಸಿ ಅವನನ್ನು ಅಂಗಳದಲ್ಲಿ ಕೂರಿಸಿದ. ನಬವಿಯಾ ಒಲೆಯ ಮುಂದೆ ಕೂತಿದ್ದಳು. ಆಗ ಕೊಟ್ಟಿಗೆಯಿಂದ ಬಹಾನಾಳ ದನಿ ಕೇಳಿಸಿತು. ಮೊದಲು ಮೆಲ್ಲಗೆ, ಯಾರಿಗೋ ಎಚ್ಚರವಾಗಬಾರದೆಂಬಂತೆ.

"ಹನ್ನೆರಡು... ಹದಿಮೂರು... ಹದಿನಾಲ್ಕು..."

ನಬವಿಯಾ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಫುಲ್ಲಾ ಮಲಗಿದ್ದಳು, ಕಣ್ಣು ಅರೆಮುಚ್ಚಿತ್ತು. ಕತ್ತಿನಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲೆ ಏರಿತು. ದವಡೆ ಎಡಕ್ಕೆ ಹೋಗಿ ಬಲಕ್ಕೆ ಬಂತು. ಬಹಾನಾ ಬೆರಳು ಮಡಚುತ್ತ ಎಣಿಸುತ್ತಿದ್ದಳು. ಐವತ್ತು ದಾಟಿದಾಗ ಅವಳು ಎಣಿಕೆ ಬಿಟ್ಟು ಬಾಯಿಗೆ ಕೈಯಿಟ್ಟು ಹಾಕಿದ ಕೂಗುಲಿ ಕಾಲುವೆಯ ಆಚೆಗೂ ಕೇಳಿತು. ಗೋಡೆಯ ಆಚೆಯಿಂದ ಇತಿದಾಲ್ ಏನೆಂದೂ ಕೇಳದೆ ಇನ್ನೊಂದು ಕೂಗುಲಿ ಸೇರಿಸಿದಳು.

ದಸೂಕಿ ಒಳಗೆ ಬಂದು ನೋಡಿದ. ಹೊರಗೆ ಹೋಗಿ ದಲ್ಲಾಳಿಗೆ, "ಎಮ್ಮೆ ಮಾರೋಕಿಲ್ಲ ಅಣ್ಣಾ. ಬಂದಿದ್ದಕ್ಕೆ ಚಹಾ ಕುಡಿದು ಹೋಗು," ಎಂದ.

ದಲ್ಲಾಳಿ ಪಕ್ಕದಲ್ಲಿದ್ದ ಕೆಂಪು ಫ್ಲಾಸ್ಕನ್ನು ನೋಡಿ ಸಂತೋಷದಿಂದ ಕೈ ಚಾಚಿದ. "ಅದು ಬೇಡ!" ಎಂದು ಮೂವರೂ ಒಟ್ಟಿಗೆ ಕಿರುಚಿದರು.

ಒಂದು ವಾರ ಕಳೆದ ಮೇಲೆ, ಮುಖ್ತಾರ್ ಬಂದು ಹೊಟ್ಟೆಗೆ ಕಿವಿಯಿಟ್ಟು ಸರಿ ಎಂದ ಮೇಲೆ, ನಬವಿಯಾ ಅಂಗಳದ ಗುಡ್ಡದ ಪ್ಲಾಸ್ಟಿಕ್ ಬಿಚ್ಚಿದಳು. ಹೊಟ್ಟು ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಇಡೀ ದಿನ ಗಾಳಿಗೆ ಹರಡಿ ಮೂಗು ಸುಡುವ ಘಾಟು ಹೋಗಲು ಬಿಟ್ಟಳು. ಮೊದಲ ದಿನ ಒಂದು ಹಿಡಿ, ಮರುದಿನ ಎರಡು, ಹೀಗೆ ಅಳೆದು ಅಳೆದು ಹಾಕಿದಳು. ಹನ್ನೆರಡನೆಯ ದಿನದ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆದು, ಹೊಸ ಸೊಸೆಯಂತೆ ಕಣ್ಣು ಮುಚ್ಚಿ ನಿಂತಳು. ಸಗಣಿ ವಾಸನೆ ಇತ್ತು. ಹಾಲಿನ ವಾಸನೆ ಇತ್ತು. ಕಣ್ಣು ಉರಿಯಲಿಲ್ಲ.

ಆ ಚಳಿಗಾಲ ಇತಿದಾಲಳ ಎಮ್ಮೆ ಮೇವು ಬಿಟ್ಟಾಗ ಮೆಲುಕಿನ ಹಿಡಿ ಹೋದದ್ದು ಫುಲ್ಲಾಳ ಬಾಯಿಂದ. ಇತಿದಾಲ್ ಹೊದಿಕೆ ತಂದು ಫುಲ್ಲಾಳ ಮೇಲೆ ತಾನೇ ಹೊದಿಸಿದಳು. ಆಮೇಲೆ ಅಕ್ಕಪಕ್ಕದ ಊರುಗಳಿಂದಲೂ ಕರೆ ಬರತೊಡಗಿತು. ಮುಖ್ತಾರ್ ತಾವೇ ಜನರನ್ನು ಅವಳ ಹತ್ತಿರ ಕಳಿಸುತ್ತಿದ್ದರು. ಅವಳು ಹೋಗುತ್ತಾಳೆ, ಮೊದಲು ಕೊಟ್ಟಿಗೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ, ಆಮೇಲೆ ಮಾತಾಡುತ್ತಾಳೆ. ಕೆಂಪು ಫ್ಲಾಸ್ಕಿನ ಒಳಗಾಜು ಎರಡು ಸಲ ಒಡೆದು ಬದಲಾಗಿದೆ, ಹೊರಗಿನ ಹೂಗಳು ಮಾಸಿವೆ.

ಮರುವರ್ಷ ಫುಲ್ಲಾ ಮತ್ತೆ ಈದಾಗ ಬಹಾನಾ ಸುಬೂ ಬಿಡಲಿಲ್ಲ. ಜರಡಿ, ಮೇಣದಬತ್ತಿ, ಕುಟ್ಟಾಣಿ ಎಲ್ಲ ಹೊರಬಂತು. ತುಪ್ಪ, ಬೆಲ್ಲ, ಗೋಧಿ ನುಚ್ಚಿನ ಅಡುಗೆಯನ್ನೂ ಮಾಡಿದಳು, ಬಂದ ನೆಂಟರಿಗೆಲ್ಲ ಬೋಗುಣಿ ತುಂಬ ಬಡಿಸಿದಳು. ಬಾಣಂತಿಗೆ ಮಾತ್ರ ಒಂದು ಬುಟ್ಟಿ ಹೊಟ್ಟು. ಬಹಾನಾ ಬೆಳಗ್ಗೆಯಿಂದ ಸಂಜೆಯವರೆಗೆ ಕೊಟ್ಟಿಗೆಯ ಬಾಗಿಲಲ್ಲಿ ಕೋಲು ಹಿಡಿದು ಕೂತು, ಒಳಗೆ ಹೋಗುವ ಒಬ್ಬೊಬ್ಬರ ಮಡಿಲನ್ನೂ ತಡಕಿ ನೋಡಿ ಬಿಡುತ್ತಿದ್ದಳು. ಸಿಕ್ಕಿಬಿದ್ದವನು ದಸೂಕಿ ಒಬ್ಬನೇ.

"ಒಂದೇ ಹಿಡಿ ಅಮ್ಮಾ. ಹೆಣ್ಣುಕರು ಕೊಟ್ಟಿದ್ದಾಳೆ."

"ಹಿಂದಕ್ಕೆ ನಡಿ!" ಎಂದು ಬಹಾನಾ ಕೋಲೆತ್ತಿದಳು. ಒಳಗೆ ಫುಲ್ಲಾ ಯಾರ ಗೊಡವೆಯೂ ಇಲ್ಲದೆ ಮೆಲುಕು ಹಾಕುತ್ತಿದ್ದಳು.